ನಲಿಯೋ ಕೈ, ದುಡಿಯೋ ಕೈ

‘ಮಾಡಿ ಕಲಿ, ಆಡಿ ಕಲಿ’ ಎಂಬ ಮಾತು ಇವತ್ತು ನಮ್ಮ ಶಿಕ್ಷಣ ತಜ್ಞರ ಬಾಯಲ್ಲಿ ಮಂತ್ರದ ಹಾಗೆ ಓಡಾಡುತ್ತಿದೆ. ಮಗು ಕೈಯಿಂದ ಮುಟ್ಟಿ, ಹಿಡಿದು, ಬಿಚ್ಚಿ, ಜೋಡಿಸಿ ಕಲಿತದ್ದು ತಲೆಯಲ್ಲಿ ನಿಲ್ಲುತ್ತೆ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮಾರನೆ ದಿನವೇ ಹಾರಿಹೋಗುತ್ತೆ. ಇದು ಸತ್ಯ, ನಾನು ಇದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಸತ್ಯ ಹೇಳುವವರಿಗೂ ಒಂದು ಪ್ರಶ್ನೆ ಹಾಕಬೇಕಾಗಿದೆ. ಯಾರ ಕೈ? ಈ ದೇಶದಲ್ಲಿ ಬರೀ ‘ಕೈ’ ಅನ್ನೋದು ಎಲ್ಲಿದೆ? ಮಣ್ಣು ಹೊರೋ ಕೈ ಇದೆ. ಚರ್ಮ ಹದ ಮಾಡೋ ಕೈ ಇದೆ. ಕಸ ಬಾಚೋ ಕೈ ಇದೆ. ತಾಗದ ಹಾಗೆ ಮೇಲಿಂದ ನೀರು ಹುಯ್ಯೋ ಕೈ ಇದೆ. ಹುಟ್ಟಿನಿಂದಲೇ ಕೈಗಳನ್ನು ಹೀಗೆ ಹಂಚಿಟ್ಟ ಸಮಾಜದಲ್ಲಿ ‘ಕೈಯಿಂದ ಕಲಿಕೆ’ ಅನ್ನೋದು ಮುಗ್ಧವಾದ ಮಾತಾಗಿ ಉಳಿಯೋಕೆ ಸಾಧ್ಯವೇ ಇಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯಲ್ಲಿ ಮಣ್ಣಿನ ಗೊಂಬೆ ಮಾಡಿಸಿದರು. ನಾನೊಂದು ಎತ್ತು ಮಾಡಿದೆ. ದಾರೀಲಿ ಅದರ ಒಂದು ಕೊಂಬು ಬಿದ್ದುಹೋಯಿತು. ಉಳಿದದ್ದನ್ನ ಅಂಗೈಲಿಟ್ಟುಕೊಂಡು ಮನೆಗೆ ಓಡಿದೆ. ಅವ್ವ ಮನೆ ಕಟ್ಟೋ ಕೆಲಸಕ್ಕೆ ಹೋಗಿ ಬಂದು ಕೈಕಾಲು ತೊಳೀತಿದ್ದಳು. ಎತ್ತು ನೋಡಿ ‘ಚೆನ್ನಾಗದೆ ಕನಪ್ಪ’ ಅಂದಳು. ಆಮೇಲೆ, ‘ಮಣ್ ಮುಟ್ಟಕೆ ಇಸ್ಕೂಲಿಗ್ಯಾಕ್ಲ ಹೋಗ್ಬೇಕು? ನನ್ ಜೊತೇಲ್ ಬಂದಿದ್ರೆ ಆಯ್ತಿತ್ತಲ್ಲ’ ಅಂದಳು. ಅದು ನಗೆಯೋ ಬೈಗಳೋ ನನಗೆ ಆಗ ಗೊತ್ತಾಗಲಿಲ್ಲ. ಚಟುವಟಿಕೆ ಆಧಾರಿತ ಕಲಿಕೆಯ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಅದು. ಆಮೇಲೆ ಓದಿದ ಯಾವ ವಿಮರ್ಶೆಯೂ ಅದರಷ್ಟು ತಾಗಿಲ್ಲ.

ನಮ್ಮ ಕೇರಿಯ ತಂದೆತಾಯಿಗಳು ಇಂಥ ಮಾತಾಡಿದಾಗ ಅಧಿಕಾರಿಗಳು ಅದನ್ನು ‘ಪೋಷಕರಲ್ಲಿ ಅರಿವಿನ ಕೊರತೆ’ ಅಂತ ವರದಿಯಲ್ಲಿ ಬರೆಯುತ್ತಾರೆ. ‘ಇಸ್ಕೂಲಲ್ಲಿ ಬರೀ ಆಟ ಆಡಿಸ್ತಾರೆ, ಬರೆಯೋದು ಯಾವಾಗ?’ ಅಂತ ಕೇಳಿ, ಸಾಲ ಮಾಡಿ, ಮಗುವನ್ನು ಟೈ ಕಟ್ಟಿಸೋ ಕಾನ್ವೆಂಟಿಗೆ ಹಾಕುವ ಕೂಲಿಯವನನ್ನು ನೋಡಿ ನಗುತ್ತಾರೆ. ಗೆಳೆಯರೆ, ಅದು ಅರಿವಿನ ಕೊರತೆಯಲ್ಲ. ಅದು ನೆನಪು. ಅಕ್ಷರ ಕೊಡದೆ ಬರೀ ಕೆಲಸ ಕೊಟ್ಟು ಮೋಸ ಮಾಡಿದವರ ನೆನಪು. ಆ ನೆನಪಿಗೆ ಉತ್ತರ ಹೇಳದೆ ಯಾವ ಹೊಸ ಪದ್ಧತಿಯೂ ನಮ್ಮ ಕೇರಿಯ ನಂಬಿಕೆ ಗಳಿಸಲಾರದು.

*

ಮೊದಲು ಕೊಡಬೇಕಾದ ಮರ್ಯಾದೆ ಕೊಡೋಣ. ನಮ್ಮ ರಾಜ್ಯದಲ್ಲಿ ಕೈಯಿಂದ ಕಲಿಕೆಗೆ ಹೆಸರು ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಆಂಧ್ರದ ರಿಷಿವ್ಯಾಲಿಯವರು ಹಳ್ಳಿ ಮಕ್ಕಳಿಗೆ ನಡೆಸುತ್ತಿದ್ದ ಶಾಲೆಗಳನ್ನು ನೋಡಿಬಂದ ಸರ್ಕಾರಿ ಮೇಷ್ಟ್ರುಗಳೇ ಕೂತು ಕಾರ್ಡುಗಳನ್ನು ಕಟ್ಟಿದರು. ಜೇನುಕುರುಬರು, ಕಾಡುಕುರುಬರು, ಹೊಲೆಮಾದಿಗರು ತುಂಬಿದ ತಾಲ್ಲೂಕು ಅದು. ಕಾಡಿನಿಂದ ಎಬ್ಬಿಸಲ್ಪಟ್ಟವರು, ಕಬಿನಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟವರು ಇರುವ ಸೀಮೆ. ಹೊಸ ಪದ್ಧತಿ ಬೆಂಗಳೂರಿನ ಶ್ರೀಮಂತ ಶಾಲೆಯಲ್ಲಿ ಹುಟ್ಟದೆ ಅಲ್ಲಿ ಹುಟ್ಟಿತು ಅನ್ನೋದು ಸಣ್ಣ ವಿಷಯವಲ್ಲ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು, ಆಮೇಲೆ 3ನೇ ತರಗತಿಗೂ ಹಬ್ಬಿತು.

ನಾನೂ ಆ ಕಾರ್ಡು ಹಿಡಿದವನು. ಆ ತರಗತಿಯಲ್ಲಿ ಬೆಂಚಿಲ್ಲ. ಗೋಡೆಯ ಕೆಳಭಾಗಕ್ಕೆ ಕರಿ ಬಣ್ಣ ಬಳಿದು ಪ್ರತಿ ಮಗುವಿಗೂ ಒಂದು ಹಲಗೆ ಮಾಡಿರುತ್ತಾರೆ. ಮೇಲೆ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ ತೂಗಾಡುತ್ತವೆ. ಹುಣಸೆಬೀಜ ಎಣಿಸಬೇಕು, ಹತ್ತು ಕಡ್ಡಿ ಕಟ್ಟಿ ಒಂದು ಕಂತೆ ಮಾಡಬೇಕು, ಎಲೆ ತಂದು ಅಂಚು ನೋಡಿ ಬೇರೆ ಬೇರೆ ಗುಂಪು ಹಾಕಬೇಕು, ಆಕಾಶ ನೋಡಿ ಹವಾಮಾನದ ಪಟ್ಟಿಯಲ್ಲಿ ಗುರುತು ಹಾಕಬೇಕು. ‘ಹತ್ತು’ ಅನ್ನೋದು ಬಾಯಲ್ಲಿನ ಸದ್ದಲ್ಲ, ಕೈಗೆ ಸಿಗೋ ಒಂದು ಕಂತೆ. ಹತ್ತು ಕಂತೆ ಸೇರಿದರೆ ನೂರು. ಇದನ್ನು ಕೈ ಒಮ್ಮೆ ಕಲಿತರೆ ಮರೆಯೋದಿಲ್ಲ. ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿಗೆ ಬೀಳುತ್ತಿದ್ದ ಬೆತ್ತದ ಕಾಲಕ್ಕೂ ಇದಕ್ಕೂ ಎಷ್ಟು ದೂರ ಅನ್ನೋದನ್ನು ನಮ್ಮ ಹಿರಿಯರನ್ನು ಕೇಳಿ ತಿಳಿಯಬೇಕು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅದನ್ನು ನಲಿ-ಕಲಿಯನ್ನು ಹೊಗಳುವವರೂ ಗಮನಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಈ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕೂರುತ್ತಾರೆ. ಗುಂಪಿಗೆ ಹೆಸರು ‘ತಟ್ಟೆ’. ಯಾವ ತಟ್ಟೆಗೆ ಯಾರು ಅನ್ನೋದು ಆ ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಗೌಡರ ಬೀದಿ, ಲಿಂಗಾಯತರ ಬೀದಿ, ಕೇರಿ ಅಂತ ಅಲ್ಲ. ಸಾತಾರದ ಶಾಲೆಯಲ್ಲಿ ಅಂಬೇಡ್ಕರ್ ಎಂಬ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ಅವನಿಗೆ ನೀರು. ಆ ಗೋಣಿತಟ್ಟನ್ನು ನೆನೆದು ಈ ‘ತಟ್ಟೆ’ಯನ್ನು ನೋಡಿ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಊರಿನಲ್ಲೇ ಆರು ವರ್ಷದ ಮಕ್ಕಳು ಒಂದೇ ತಟ್ಟೆಯ ಸುತ್ತ ಕೂತು ಒಂದೇ ಹುಣಸೆಬೀಜಕ್ಕೆ ಕೈ ಹಾಕುತ್ತಾರೆ. ಬೀಜಕ್ಕೆ ಮೈಲಿಗೆ ಇಲ್ಲ.

ಕಲಿಕೆಯ ದಾರಿಗೆ ಅವರಿಟ್ಟ ಹೆಸರು ‘ಏಣಿ’. 1920ರಲ್ಲಿ ‘ಮೂಕನಾಯಕ’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಾಬಾಸಾಹೇಬರು ಹಿಂದೂ ಸಮಾಜವನ್ನು ಮೆಟ್ಟಿಲೇ ಇಲ್ಲದ ಹಲವು ಅಂತಸ್ತಿನ ಗೋಪುರಕ್ಕೆ ಹೋಲಿಸಿದರು. ಯಾವ ಅಂತಸ್ತಿನಲ್ಲಿ ಹುಟ್ಟಿದೆಯೋ ಅಲ್ಲೇ ಸಾಯಬೇಕು. ಅಂಥ ಗೋಪುರದ ಪಕ್ಕ ಸರ್ಕಾರಿ ಶಾಲೆ ಒಂದು ಏಣಿ ತಂದು ನಿಲ್ಲಿಸಿತು. ಯಾರೂ ಯಾರಿಗೂ ಕಾಯಬೇಕಿಲ್ಲ, ಸುಗ್ಗಿಗೆ ಹೋಗಿ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಹತ್ತಬಹುದು. ನಪಾಸು ಅನ್ನೋ ಮಾತಿಲ್ಲ. ಕೂಲಿಕಾರರ ಮಕ್ಕಳಿಗೆ ಇದಕ್ಕಿಂತ ಹಿತವಾದ ಪದ್ಧತಿ ಈ ನಾಡಿನಲ್ಲಿ ಬಂದಿಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಹಾಗಾದರೆ ತಕರಾರು ಎಲ್ಲಿ?

*

ತಕರಾರು ತಟ್ಟೆಯಿಂದ ಎದ್ದ ಕೂಡಲೇ ಶುರುವಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಒಂದೇ ತಟ್ಟೆಯಲ್ಲಿ ಬೀಜ ಎಣಿಸಿದ ಮಕ್ಕಳ ಕೈಗಳನ್ನು ಅದೇ ಶಾಲೆಯ ಪೊರಕೆ ಮತ್ತೆ ಬೇರೆ ಮಾಡುತ್ತದೆ. ನಾನು ಓದಿದ ಕಡೆ ಮಕ್ಕಳ ಮಂತ್ರಿಮಂಡಲ ಇತ್ತು. ಪ್ರಾರ್ಥನೆಗೊಬ್ಬ ಮಂತ್ರಿ, ಗ್ರಂಥಾಲಯಕ್ಕೊಬ್ಬ, ಊಟಕ್ಕೊಬ್ಬ. ನಾನು ಎರಡು ವರ್ಷ ‘ಸ್ವಚ್ಛತಾ ಮಂತ್ರಿ’. ನನಗಿಂತ ಮುಂಚೆ ಸ್ವಚ್ಛತಾ ಮಂತ್ರಿಯಾಗಿದ್ದವನೂ ನಮ್ಮ ಕೇರಿಯವನೇ, ಆಮೇಲೆ ಆದವಳೂ ನಮ್ಮ ಕೇರಿಯವಳೇ. ಯಾರೂ ‘ನಿಮ್ಮ ಜಾತಿಯವರೇ ಮಾಡಬೇಕು’ ಅಂತ ಬಾಯಿಬಿಟ್ಟು ಹೇಳಲಿಲ್ಲ. ಮಂತ್ರಿ ಅಂದರಲ್ಲ, ನನಗೆ ಹೆಮ್ಮೆಯೇ ಆಗಿತ್ತು. ಹೇಳದೆ ಮಾಡಿಸೋದೇ ಜಾತಿಯ ಜಾಣತನ.

ಇದು ನನ್ನೊಬ್ಬನ ಕತೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಇಡೀ ನಾಡಿಗೆ ಗೊತ್ತಾಯಿತು. ಮನುಷ್ಯರ ಕೈಯಿಂದ ಮಲ ಬಾಚಿಸೋದನ್ನು ಅಪರಾಧ ಅಂತ ದೇಶ 2013ರಲ್ಲಿ ಕಾನೂನು ಮಾಡಿ ಹತ್ತು ವರ್ಷ ಆಗಿತ್ತು. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟು ಐವತ್ತು ವರ್ಷದ ಹತ್ತಿರ ಬಂದಿತ್ತು. ‘ಕೈಯಿಂದ ಮಾಡಿ ಕಲಿ’ ಅನ್ನೋ ಮಾತಿನ ಕೊನೆ ತುದಿ ಆ ಗುಂಡಿಯಲ್ಲಿದೆ. ಆ ಮಕ್ಕಳು ಅಲ್ಲಿ ಕಲಿತದ್ದೂ ಪಾಠವೇ. ಆ ಪಾಠ ಯಾವ ಕಾರ್ಡಿನಲ್ಲೂ ಇರಲಿಲ್ಲ, ಆದರೂ ಅವರು ಅದನ್ನು ಮರೆಯೋದಿಲ್ಲ.

ಶಾಲೆ ಸ್ವಚ್ಛ ಮಾಡೋದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಲ್ಲ ಮಕ್ಕಳೂ ಸರದಿಯ ಮೇಲೆ ಗುಡಿಸಿದರೆ ಅದು ಕಲಿಕೆ, ಮೇಷ್ಟ್ರೂ ಪೊರಕೆ ಹಿಡಿದರೆ ಅದು ಇನ್ನೂ ದೊಡ್ಡ ಕಲಿಕೆ. ಕೆಲವರೇ ಗುಡಿಸಿದರೆ ಅದು ಜಾತಿ. ಕೆಲಸ ಒಂದೇ, ಹಂಚಿಕೆಯಲ್ಲಿ ಎಲ್ಲ ಇದೆ. ಚಟುವಟಿಕೆಯನ್ನು ತೂಗುವವರು ಮಗು ಏನು ಮಾಡಿತು ಅಂತ ನೋಡುತ್ತಾರೆ. ಯಾವ ಮಗು ಏನನ್ನು ಮಾಡಲಿಲ್ಲ ಅನ್ನೋದನ್ನೂ ನೋಡಬೇಕು.

ಎರಡನೆಯ ತಕರಾರು ಕಾರ್ಡುಗಳ ಒಳಗೇ ಇದೆ. ಕಾರ್ಡಿನಲ್ಲಿ ಎಲೆ ಇದೆ, ಬೀಜ ಇದೆ, ಮಣ್ಣು ಇದೆ, ಕಾಗದ ಇದೆ. ಚರ್ಮ ಯಾಕಿಲ್ಲ? ಸದ್ದಿನ ಪಾಠಕ್ಕೆ ಖಾಲಿ ಡಬ್ಬಕ್ಕೆ ರಬ್ಬರ್ ಬ್ಯಾಂಡು ಬಿಗಿದು ಮೀಟಿಸುತ್ತಾರೆ. ಊರ ಕೇರಿಯಲ್ಲಿ ತಮಟೆ ಇದೆಯಲ್ಲ! ಹಬ್ಬದ ದಿನ ನಮ್ಮವರು ಬಾರಿಸೋಕೆ ಮುಂಚೆ ಹುಲ್ಲು ಉರಿ ಹಾಕಿ ತಮಟೆ ಕಾಯಿಸೋದನ್ನು ಎಲ್ಲ ಜಾತಿಯ ಮಕ್ಕಳೂ ನೋಡಿರುತ್ತಾರೆ. ಕಾಯಿಸಿದರೆ ಚರ್ಮದ ತೇವ ಆರುತ್ತೆ, ಚರ್ಮ ಬಿಗಿಯುತ್ತೆ, ಬಿಗಿದಷ್ಟೂ ಸದ್ದು ಏರುತ್ತೆ. ಮಳೆಗಾಲದ ಥಂಡಿಗೆ ಸಡಿಲಾಗಿ ಡೊಬ್ ಅನ್ನುತ್ತೆ. ಶಾಖ, ತೇವ, ಬಿಗಿತ, ಸ್ವರ — ನಾಲ್ಕು ಪಾಠ ಒಂದು ತಮಟೆಯಲ್ಲಿವೆ. ಆದರೆ ತಮಟೆ ಶಾಲೆಯ ಹೊಸ್ತಿಲು ದಾಟಬೇಕಾದರೆ ವಾರ್ಷಿಕೋತ್ಸವದ ‘ಜಾನಪದ ನೃತ್ಯ’ ಆಗಿಯೇ ಬರಬೇಕು. ಕುಣಿಸೋಕೆ ಅದು ಬೇಕು, ಕಲಿಸೋಕೆ ಬೇಡ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ನಾಡೇ ಹೊತ್ತಿಕೊಂಡಿತು. ಸಿಟ್ಟಾದವರಲ್ಲಿ ಬೂಸಾ ಕಲಸಿ ಎಮ್ಮೆಗೆ ಇಟ್ಟ ಕೈ ಎಷ್ಟಿದ್ದವೋ ಏನೋ. ಶಾಲೆಯ ತಕ್ಕಡಿಯಲ್ಲೂ ಇದೇ ನಡೆದಿದೆ: ಅಕ್ಷರವೆಲ್ಲ ಕಾಳು, ಕೈಕೆಲಸವೆಲ್ಲ ಬೂಸಾ. ಹೊಸ ಪದ್ಧತಿ ಈ ತಕ್ಕಡಿಯನ್ನು ಮುರಿಯಬೇಕಿತ್ತು. ಅದು ಕೆಲವು ಶುದ್ಧವಾದ ಕೈಕೆಲಸಗಳನ್ನು ಮಾತ್ರ ಆರಿಸಿ ಕಾಳಿನ ಕಡೆಗೆ ಹಾಕಿಕೊಂಡಿತು.

*

ಈಗ ಅವ್ವನ ಮಾತಿನ ಹಿಂದಿನ ನೆನಪಿಗೆ ಬರೋಣ. ಅದಕ್ಕೆ ಇಸವಿಗಳಿವೆ.

1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ‘ನಯೀ ತಾಲೀಮ್’ ಮುಂದಿಟ್ಟರು. ಕಸುಬಿನ ಮೂಲಕವೇ ಎಲ್ಲ ಕಲಿಕೆ. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ವೇಳಾಪಟ್ಟಿ ಹಾಕಿತು: ದಿನದ ಐದೂವರೆ ಗಂಟೆಯಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ, ಮಾತೃಭಾಷೆಗೆ 40 ನಿಮಿಷ. ಗಾಂಧೀಜಿಯ ಮಾತಿನಲ್ಲಿ ಒಂದು ದೊಡ್ಡತನವಿತ್ತು, ಅದನ್ನು ಮುಚ್ಚಿಡಬಾರದು. ಶೂದ್ರರು ಅಸ್ಪೃಶ್ಯರು ಮಾಡುವ ಕೆಲಸವನ್ನು ಎಲ್ಲ ಜಾತಿಯ ಮಕ್ಕಳೂ ಶಾಲೆಯಲ್ಲಿ ಮಾಡಬೇಕು ಅನ್ನೋದು ಸಾವಿರ ವರ್ಷದ ಶಿಕ್ಷಣಕ್ಕೆ ಹಾಕಿದ ಸವಾಲಾಗಿತ್ತು. ಆದರೆ ನೂಲುವ ರಾಟೆಯನ್ನು ಬ್ರಾಹ್ಮಣರ ಹುಡುಗ ಮುಟ್ಟಿದರೆ ಅದು ಆತ್ಮಶುದ್ಧಿ, ನೇಕಾರರ ಹುಡುಗ ಮುಟ್ಟಿದರೆ ಅದು ಹೊಟ್ಟೆಪಾಡು. ತಲೆಮಾರುಗಳಿಂದ ಕಸುಬು ಮಾಡಿಯೇ ಬಂದವನಿಗೆ 3 ಗಂಟೆ 20 ನಿಮಿಷದ ಕಸುಬು ಬೇಕಿರಲಿಲ್ಲ. ಅವನಿಗೆ ತಲೆಮಾರುಗಳಿಂದ ಸಿಕ್ಕದ ಆ 40 ನಿಮಿಷ ಹೆಚ್ಚಾಗಬೇಕಿತ್ತು. ಮಕ್ಕಳು ಮಾಡಿದ ವಸ್ತು ಮಾರಿ ಶಾಲೆ ನಡೆಯಬೇಕು ಅನ್ನೋ ಆಸೆಯೂ ಆ ಯೋಜನೆಯಲ್ಲಿತ್ತು. ಬಡವರ ಮಗು ಓದಿನ ಖರ್ಚನ್ನೂ ದುಡಿದೇ ತೀರಿಸಬೇಕು!

1953ರಲ್ಲಿ ಮದರಾಸಿನಲ್ಲಿ ರಾಜಾಜಿ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಳ್ಳಿ ಶಾಲೆಯ ಮಕ್ಕಳಿಗೆ ಅರ್ಧ ದಿನ ಮಾತ್ರ ಪಾಠ, ಉಳಿದರ್ಧ ಅಪ್ಪ ಅಮ್ಮನ ಕಸುಬು ಕಲಿಯಬೇಕು. ಇದೂ ‘ಮಾಡಿ ಕಲಿ’ಯೇ! ಆದರೆ ವಕೀಲನ ಮಗ ಅಪ್ಪನ ಜೊತೆ ಕೋರ್ಟಿಗೆ ಹೋಗಿ ಏನು ಕಲಿಯುತ್ತಾನೆ, ಜಾಡಮಾಲಿಯ ಮಗ ಅಪ್ಪನ ಜೊತೆ ಹೋಗಿ ಏನು ಕಲಿಯುತ್ತಾನೆ? ಪೆರಿಯಾರ್ ಮತ್ತು ಅವರ ಸಂಗಾತಿಗಳು ಇದನ್ನು ‘ಕುಲಕಲ್ವಿ’, ಅಂದರೆ ಕುಲದ ಕಲಿಕೆ ಅಂತ ಸರಿಯಾದ ಹೆಸರಿನಿಂದ ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಅದನ್ನು ಕಿತ್ತುಹಾಕಿದರು. ಇದು ಪರರಾಜ್ಯದ ಕತೆಯೇನಲ್ಲ. ಆಗ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸು ರಾಜ್ಯದಲ್ಲೇ ಇದ್ದವು.

ಮುಗಿಯಿತೆ? 2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿ ಬಂತು. 14 ವರ್ಷದೊಳಗಿನ ಮಕ್ಕಳನ್ನು ಎಲ್ಲೂ ದುಡಿಸುವಂತಿಲ್ಲ ಅಂತ ಒಂದು ಕೈಯಲ್ಲಿ ಬರೆದರು. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಲ್ಲದ ಮನೆಯ ಉದ್ಯೋಗಕ್ಕೆ ಸಹಾಯ ಮಾಡಬಹುದು ಅಂತ ಇನ್ನೊಂದು ಕೈಯಲ್ಲಿ ಬರೆದರು. ಬೀಡಿ ಕಟ್ಟೋ ಮನೆ, ಬುಟ್ಟಿ ಹೆಣೆಯೋ ಮನೆ ಯಾರದು? 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಚೀಲವಿಲ್ಲದೆ ಊರಿನ ಕಸುಬುದಾರರ ಹತ್ತಿರ ಹೋಗಿ ಕಲಿಯಬೇಕು ಅಂದಿತು. ಒಳ್ಳೆಯದೇ. ಆದರೆ ಅಲ್ಲಿ ಹೆಸರಿಸಿದ್ದು ಬಡಗಿ, ತೋಟಗಾರ, ಕುಂಬಾರ, ಕಲಾವಿದ, ‘ಇತ್ಯಾದಿ’. ಚಮ್ಮಾರನ ಹೆಸರಿಲ್ಲ. ನಾವು ಯಾವತ್ತೂ ಆ ‘ಇತ್ಯಾದಿ’ಯ ಒಳಗೇ ಇದ್ದೇವೆ.

ಈ ಸಾಲಿಗೆ ಎದುರಾಗಿ ಇನ್ನೊಂದು ಸಾಲು ಇದೆ. 1882ರಲ್ಲಿ ಹಂಟರ್ ಆಯೋಗಕ್ಕೆ ಮನವಿ ಕೊಟ್ಟ ಜೋತಿಬಾ ಫುಲೆ ಹಳ್ಳಿಯ ಮಗುವಿಗೆ ಓದು, ಬರಹ, ಲೆಕ್ಕದ ಜೊತೆಗೆ ಬೇಸಾಯದ ತಿಳಿವೂ ಬೇಕು ಅಂದರು. ಕೈಯಿಂದ ಕಲಿಕೆಯನ್ನು ಅವರೂ ಬಯಸಿದರು. ಆದರೆ ಅವರ ಬೇಡಿಕೆ ಮೊದಲು ಮೇಷ್ಟರ ಮೇಲೆ ಬಿತ್ತು. ಮೇಷ್ಟರು ರೈತ ಜಾತಿಗಳಿಂದ ಬರಬೇಕು, ಬೇಕಾದಾಗ ನೇಗಿಲ ಮೇಣಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚದವರಾಗಿರಬೇಕು. ನೋಡಿ, ಗಾಂಧಿಗೂ ರಾಜಾಜಿಗೂ ಫುಲೆಗೂ ಇರುವ ವ್ಯತ್ಯಾಸ ಇಲ್ಲಿದೆ. ಅವರಿಬ್ಬರೂ ಮಗುವಿನ ಕೈಗೆ ಕೆಲಸ ಕೊಡಲು ಹೊರಟರು. ಫುಲೆ ಮೇಷ್ಟರ ಕೈ ಯಾಕೆ ಖಾಲಿಯಿದೆ ಅಂತ ಕೇಳಿದರು.

*

ಏಕಲವ್ಯನ ಕತೆಯನ್ನು ನಾವು ನೂರು ಸಲ ಬರೆದಿದ್ದೇವೆ. ಇನ್ನೊಂದು ಸಲ ಅದನ್ನು ಈ ದಿಕ್ಕಿನಿಂದ ನೋಡಬಹುದು. ಏಕಲವ್ಯ ಮಣ್ಣಿನಲ್ಲಿ ಗುರುವನ್ನು ಮಾಡಿಕೊಂಡು ಮಾಡಿ ಕಲಿತ ಹುಡುಗ. ಅವನ ಕಲಿಕೆಯಲ್ಲಿ ತಪ್ಪು ಹುಡುಕೋಕೆ ದ್ರೋಣನಿಗೂ ಆಗಲಿಲ್ಲ. ಕಲಿಕೆ ಪೂರ್ತಿಯಾಗಿತ್ತು, ಅದಕ್ಕೇ ಬೆರಳು ಕೇಳಿದ. ಅಂದರೆ ಕೈ ಕಲಿಯೋದರಿಂದ ಅರಮನೆಗೆ ತೊಂದರೆಯಿಲ್ಲ. ಕಲಿತ ಕೈ ಮೇಲೆ ಬಂದರೆ ತೊಂದರೆ.

ಮಧ್ಯಪ್ರದೇಶದಲ್ಲಿ ಇದೇ ಹೆಸರಿನ ಸಂಸ್ಥೆಯೊಂದು ಮುಂದುವರಿಸಿದ ಹೋಶಂಗಾಬಾದ್ ವಿಜ್ಞಾನ ಬೋಧನೆಯ ಕಾರ್ಯಕ್ರಮ ನೆನಪಾಗುತ್ತದೆ. 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾಗಿದ್ದು ಅದು. ಅಲ್ಲಿ ಮಕ್ಕಳು ಊರಲ್ಲಿ ಸಿಗೋ ಸಾಮಾನಿನಿಂದಲೇ ಪ್ರಯೋಗ ಮಾಡಿದರು, ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು. ಬಾಯಿಪಾಠದ ಬೆನ್ನೆಲುಬೇ ಅಲ್ಲಿ ಮುರಿಯಿತು. ಮೂವತ್ತು ವರ್ಷ ನಡೆದದ್ದನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಹಳ್ಳಿ ಮಗುವಿನ ಪ್ರಯೋಗ ಪ್ರಶ್ನೆಯಾಗಿ ಬೆಳೆಯುವ ಹೊತ್ತಿಗೆ ಬೆರಳು ಕೇಳುವವರು ಬಂದೇ ಬರುತ್ತಾರೆ.

2007ರಲ್ಲಿ ಕಂಚ ಐಲಯ್ಯನವರು ಮಕ್ಕಳಿಗಾಗಿ ‘ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್’ ಎಂಬ ಪುಸ್ತಕ ಬರೆದರು. ಗೋಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್ ಅದಕ್ಕೆ ಚಿತ್ರ ಬರೆದರು. ಆದಿವಾಸಿ, ದನಗಾಹಿ, ಚರ್ಮಕಾರ, ಕುಂಬಾರ, ಅಗಸ, ಕ್ಷೌರಿಕ ಮಾಡೋದು ಬರೀ ದುಡಿಮೆಯಲ್ಲ, ವಿಜ್ಞಾನ ಅಂತ ಮಕ್ಕಳ ಭಾಷೆಯಲ್ಲಿ ಹೇಳಿದ ಪುಸ್ತಕ ಅದು. ನಮ್ಮ ಕೈಗೆ ಬೇಕಾಗಿದ್ದ ಮರ್ಯಾದೆಯನ್ನು ಅದು ಕೊಟ್ಟಿದೆ. ಆದರೂ ಅದು ಓದುವ ಪುಸ್ತಕ. ಓದಿ ಮರ್ಯಾದೆ ಕೊಡೋದು ಸುಲಭ. ಮುಟ್ಟಿ ಕೊಡೋದೇ ಕಷ್ಟ. ಐಲಯ್ಯನವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ತರಗತಿ ಶುರುವಾಗಬೇಕು.

*

ಶುರು ಮಾಡೋದು ಹೇಗೆ? ಟೀಕೆ ಮಾಡಿ ಕೈ ತೊಳೆದುಕೊಳ್ಳೋದು ನಮ್ಮ ಚಳವಳಿಯ ಗುಣವಲ್ಲ. ಒಂದು ಚಟುವಟಿಕೆಯನ್ನೇ ಇಲ್ಲಿಡುತ್ತೇನೆ. ಯಾವ ಮೇಷ್ಟರು ಬೇಕಾದರೂ ಮಾಡಬಹುದು, ಖರ್ಚು ಹತ್ತಿಪ್ಪತ್ತು ರೂಪಾಯಿ.

ನಾಲ್ಕೈದು ಅಳಲೆಕಾಯಿ ತಂದು ಕುಟ್ಟಿ ನೀರಲ್ಲಿ ನೆನೆಹಾಕಿ. ಆ ನೀರನ್ನು ಒಂದು ಹನಿ ನಾಲಿಗೆಗೆ ಮುಟ್ಟಿಸಿದರೆ ಒಗರು. ನಾಲಿಗೆ ಬಿಗಿದ ಹಾಗಾಗುತ್ತೆ. ಅಡಿಕೆಯ ಒಗರು, ಡಿಕಾಕ್ಷನ್ನಿನ ಒಗರು, ತಂಗಡಿ ಚಕ್ಕೆಯ ಒಗರು ಎಲ್ಲ ಒಂದೇ ಕುಲದ್ದು. ನಮ್ಮ ಹಿರಿಯರು ಸತ್ತ ದನದ ಚರ್ಮ ಸುಲಿದು, ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ಕೆರೆದು, ಆಮೇಲೆ ಈ ಒಗರು ನೀರಲ್ಲಿ ದಿನಗಟ್ಟಲೆ ಊಡುತ್ತಿದ್ದರು. ನಾಲಿಗೆಯನ್ನು ಬಿಗಿಹಿಡಿಯೋ ಅದೇ ಗುಣ ಚರ್ಮವನ್ನೂ ಒಳಗಿಂದ ಹಿಡಿದು ಕೊಳೆಯದ ಹಾಗೆ ಮಾಡುತ್ತೆ. ಊರಿನ ಮೆಟ್ಟು, ಕಪಿಲೆ ಬಾವಿಯ ಚರ್ಮದ ಬಾನಿ, ಎತ್ತಿನ ಬಾರುಕೋಲು, ಎಲ್ಲ ಈ ಒಗರಿನಿಂದ ಬಂದದ್ದು. ಒಕ್ಕಲಿಗನ ಹೊಲಕ್ಕೆ ನೀರೆತ್ತಿದ್ದೂ ಇದೇ.

ಈಗ ಅದೇ ಅಳಲೆ ನೀರಿಗೆ ತುಕ್ಕು ಹಿಡಿದ ನಾಲ್ಕು ಮೊಳೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಬಂದು ನೋಡಿದರೆ ನೀರು ಕಪ್ಪಗಾಗಿರುತ್ತೆ. ಅದು ಮಸಿ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಮಾಡುತ್ತಿದ್ದ ಬರೆಯೋ ಮಸಿಯ ಗುಟ್ಟು ಇದೇ. ಒಂದು ಕಡ್ಡಿ ಅದ್ದಿ ಪ್ರತಿ ಮಗುವೂ ತನ್ನ ಹೆಸರು ಬರೆಯಲಿ.

ಚರ್ಮವನ್ನು ಹದ ಮಾಡಿದ್ದೂ ಅಕ್ಷರವನ್ನು ಬರೆದದ್ದೂ ಒಂದೇ ಕಾಯಿಯ ಒಗರು. ಅದರಿಂದ ಚರ್ಮ ಹದ ಮಾಡಿದವನನ್ನು ಊರ ಹೊರಗಿಟ್ಟರು, ಅದರಿಂದಲೇ ಮಸಿ ಮಾಡಿ ಬರೆದವನನ್ನು ಗದ್ದುಗೆ ಮೇಲೆ ಕೂರಿಸಿದರು. ಭೇದ ಅಳಲೆಕಾಯಿಯಲ್ಲಿರಲಿಲ್ಲ. ಇದನ್ನು ಎಂಟು ವರ್ಷದ ಮಗು ಭಾಷಣವಿಲ್ಲದೆ, ನಾಲಿಗೆಯಿಂದ, ಬೆರಳಿನಿಂದ, ಕಣ್ಣಿನಿಂದ ಕಲಿಯಬಲ್ಲದು. ಕೈಯಿಂದ ಕಲಿಕೆ ಅಂದರೆ ಇದು. ಇದರಲ್ಲಿ ಕೈಯಿಂದ ಅಕ್ಷರಕ್ಕೆ ದಾರಿಯಿದೆ. ದಾರಿಯಿಲ್ಲದ ಚಟುವಟಿಕೆ ಬರೀ ಕೂಲಿ, ಇಲ್ಲವೇ ಬರೀ ಆಟ.

ಒಂದು ಎಚ್ಚರಿಕೆ. ಇದನ್ನು ಮಾಡುವಾಗ ಮೇಷ್ಟರು ಕೇರಿಯ ಮಗುವಿನ ಕಡೆ ತಿರುಗಿ ‘ನಿಮ್ಮಪ್ಪ ಮಾಡ್ತಾನಲ್ಲ, ನೀನು ಬಂದು ತೋರ್ಸು’ ಅನ್ನಬಾರದು. ಅಂದರೆ ಇಡೀ ಚಟುವಟಿಕೆ ಹಾಳಾಯಿತು ಅಂತಲೇ ಲೆಕ್ಕ. ಮೊದಲು ಮೇಷ್ಟರ ಕೈ ಮುಟ್ಟಲಿ. ಆಮೇಲೆ ಗೌಡರ ಮಗು, ಶಾನುಭೋಗರ ಮಗು. ನಮ್ಮ ಮಗು ಅಷ್ಟು ಹೊತ್ತು ಕೂತು ನೋಡಲಿ. ಬರೀ ಕೂತು ನೋಡುವ ಹಕ್ಕೂ ನಮಗೆ ಬಹಳ ಕಾಲದಿಂದ ಬಾಕಿ ಇದೆ.

ಆದ್ದರಿಂದ ಇನ್ನು ಮುಂದೆ ಯಾವ ಹೊಸ ಪದ್ಧತಿ, ಯಾವ ಹೊಸ ಪೆಟ್ಟಿಗೆ ಬಂದರೂ ಮೂರು ಪ್ರಶ್ನೆ ಕೇಳೋಣ. ಈ ಕೆಲಸವನ್ನು ಎಲ್ಲ ಕೈಗಳೂ ಮಾಡುತ್ತವೆಯೆ? ಯಾವ ಕೆಲಸ ಒಳಗೆ ಬಂತು, ಯಾವುದು ಹೊಸ್ತಿಲಾಚೆ ಉಳಿಯಿತು? ಮಾಡಿದ ಕೈ ಬರೆಯುವವರೆಗೂ ಹೋಯಿತೆ? ಮೂರಕ್ಕೂ ಹೌದು ಅಂದರೆ ಅದು ನಮ್ಮ ಪದ್ಧತಿ. ಸರ್ಕಾರ ಕೈಬಿಟ್ಟರೂ ನಾವು ಬಿಡಬಾರದು. ನಲಿ-ಕಲಿಯ ಏಣಿ ಮೂರನೇ ಕ್ಲಾಸಿಗೆ ಮುಗಿದು ನಾಲ್ಕಕ್ಕೆ ಮತ್ತೆ ಪುಸ್ತಕದ ಗೋಡೆ ಎದ್ದು ನಿಲ್ಲುತ್ತೆ. ಆ ಏಣಿಗೆ ಇನ್ನಷ್ಟು ಮೆಟ್ಟಿಲು ಕೇಳಬೇಕಾದವರು ನಾವೇ. ಕೊಡಿಸಿದ ಕಲಿಕೆಯ ಸಾಮಾನು ಲೆಕ್ಕ ತಪ್ಪುತ್ತೆ ಅಂತ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಆ ಬೀಗ ತೆಗೆಸಬೇಕಾದವರೂ ನಾವೇ. ಮೂರು ಕ್ಲಾಸು ಒಬ್ಬರ ತಲೆಗೆ ಕಟ್ಟಿ, ಅವರ ಕೈಗೆ ವರದಿ ತುಂಬೋ ಕಾಗದವನ್ನೇ ಹೊರಿಸಿದರೆ ಆ ಮೇಷ್ಟರು ಬೀಜ ಎಣಿಸೋದು ಯಾವಾಗ ಅಂತ ಕೇಳಬೇಕಾದವರೂ ನಾವೇ. ಕಾನ್ವೆಂಟಿಗೆ ಓಡುವ ಕೂಲಿಯವನನ್ನು ಬೈಯುವ ಮೊದಲು ಇಷ್ಟಾದರೂ ಮಾಡಬೇಕು.

ಕಾಲೇಜು ಮುಗಿದ ಮೇಲೆ ಒಂದು ದಿನ ಅವ್ವನನ್ನು ಕೇಳಿದೆ, ‘ಒಂದು ಟ್ರ್ಯಾಕ್ಟರ್ ಮಣ್ಣಿಗೆ ಎಷ್ಟು ಬಾಂಡ್ಲಿ ಆಗ್ತದವ್ವ?’ ಅವಳು ಯೋಚನೆ ಕೂಡ ಮಾಡಲಿಲ್ಲ. ಒಣಗಿದ ಮಣ್ಣಿಗೆ ಇಷ್ಟು, ಹಸಿ ಮಣ್ಣಿಗೆ ಇಷ್ಟು, ತುಂಬ ಹೊತ್ತರೆ ಇಷ್ಟು, ಮೇಸ್ತ್ರಿ ಮರೆಯಾದಾಗ ಸ್ವಲ್ಪ ಕಮ್ಮಿ ಹೊತ್ತರೆ ಇಷ್ಟು ಅಂತ ನಾಲ್ಕು ಲೆಕ್ಕ ಕೊಟ್ಟಳು. ಗಾತ್ರ, ತೂಕ, ತೇವ, ಕೂಲಿ ಎಲ್ಲ ಅವಳ ಕೈಯಲ್ಲಿತ್ತು. ಹೆಬ್ಬೆಟ್ಟು ಒತ್ತೋ ಕೈ ಅದು. ಅವಳ ಕೈಗೆ ಕಲಿಕೆ ಕಮ್ಮಿಯಿರಲಿಲ್ಲ. ಆ ಕೈ ಬರೆಯೋವರೆಗೂ ಹೋಗೋಕೆ ಯಾರೂ ದಾರಿ ಬಿಡಲಿಲ್ಲ.

ಅವ್ವನ ಬಾಂಡ್ಲಿ ಶಾಲೆಯ ಒಳಕ್ಕೆ ಬರಲಿ. ಅದರ ಸುತ್ತ ಎಲ್ಲ ಬೀದಿಯ ಮಕ್ಕಳೂ ಕೂತು ಮಣ್ಣು ಅಳೆದು ಲೆಕ್ಕ ಬರೆಯಲಿ. ಆ ಮಕ್ಕಳಲ್ಲಿ ಯಾರೂ ಆ ಬಾಂಡ್ಲಿಯನ್ನು ಹುಟ್ಟಿದ ತಪ್ಪಿಗೆ ಹೊರದೆ ಇರಲಿ. ಇಷ್ಟಾದರೆ ಅವ್ವನ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ. ಅಲ್ಲಿಯವರೆಗೆ ಆ ಒಂಟಿ ಕೊಂಬಿನ ಎತ್ತು ನಮ್ಮ ಗೂಡಿನಲ್ಲೇ ಇರುತ್ತೆ.